ಯಾರೂ ಆರಿಸದೇ ಉಳಿದಿದ್ದ ಆಟ

ನಮ್ಮಕ್ಕನ ಮಗಳು ಸ್ಕೂಲಲ್ಲಿ ಫೆನ್ಸಿಂಗ್ (ಕತ್ತಿವರಸೆ) ಸೇರ್ತೀನಿ ಅಂದಿದ್ದಕ್ಕೆ ಮನೇಲಿ ಎಲ್ರದ್ದೂ ಒಂದೇ ಮಾತು, ಅದೆಲ್ಲ ನಮ್ಮಂಥೋರ ಆಟ ಅಲ್ಲ, ಸುಮ್ನೆ ಶಟಲ್ ಆಡು ಅಂತ. ನಾನು ಅವಳ ಪರ ಮಾತಾಡ್ತಾ ಒಲಿಂಪಿಕ್ಸಿಗೆ ಹೋದ ನಮ್ಮ ದೇಶದ ಮೊದಲ ಫೆನ್ಸರ್ ಭವಾನಿ ದೇವಿ ಹೆಸರು ಎತ್ತಿದೆ. ಭಾವಂಗೆ ಹೆಸರೇ ಗೊತ್ತಿಲ್ಲ. ಗೊತ್ತಿರ್ಲೇಬೇಕಾದ ಹೆಸರು ಅದು, ಅದಕ್ಕೇ ಬರೀತಿದೀನಿ.

ಭವಾನಿ ಚೆನ್ನೈನ ವಾಷರ್‌ಮನ್‌ಪೇಟ್ ಕಡೆಯೋರು. ಅಪ್ಪ ದೇವಸ್ಥಾನದ ಅರ್ಚಕರು, ಅಮ್ಮ ರಮಣಿ ಮನೆ ನೋಡ್ಕೊಂಡಿದ್ದೋರು. 2004ರಲ್ಲಿ ಸ್ಕೂಲಲ್ಲಿ ಆಟ ಆರಿಸ್ಕೊಳ್ಳಿ ಅಂದಾಗ ಬೇರೆಲ್ಲ ಆಟಗಳಿಗೂ ಹುಡುಗೀರು ಭರ್ತಿಯಾಗ್ಬಿಟ್ಟಿದ್ರು, ಉಳಿದಿದ್ದು ಫೆನ್ಸಿಂಗ್. ಅದೇ ವರ್ಷ ಅಥೆನ್ಸಲ್ಲಿ ಹೆಂಗಸರ ಸೇಬರ್ ಅನ್ನೋ ಕತ್ತಿಯ ಫೆನ್ಸಿಂಗ್ ಮೊದಲ ಸಲ ಒಲಿಂಪಿಕ್ಸಿಗೆ ಬಂದಿತ್ತು. ದುಬಾರಿ ಆಟ ಇದು, ನಿಮ್ಮಪ್ಪನ ವರಮಾನ ಎಷ್ಟು ಅಂತ ಕೇಳಿದ್ದಕ್ಕೆ, ನಿಜ ಹೇಳಿದ್ರೆ ಸೇರಿಸ್ಕೊಳ್ಳಲ್ವೇನೋ ಅನ್ನೋ ಭಯಕ್ಕೆ ಜಾಸ್ತಿನೇ ಹೇಳಿದ್ರಂತೆ, ಇದನ್ನ ಅವರೇ ಇಂಟರ್‌ವ್ಯೂಗಳಲ್ಲಿ ಹೇಳ್ಕೊಂಡಿದ್ದಾರೆ.

ಫೆನ್ಸಿಂಗಲ್ಲಿ ಮೂರು ಥರದ ಕತ್ತಿ ಇವೆ, ಫಾಯಿಲ್, ಎಪೆ, ಸೇಬರ್. ಭವಾನಿದು ಸೇಬರ್. ಮೊದಲೆರಡ್ರಲ್ಲಿ ಮೊನೆಯಿಂದ ಚುಚ್ಚಿದ್ರೆ ಮಾತ್ರ ಪಾಯಿಂಟು, ಸೇಬರಲ್ಲಿ ಅಂಚಿಂದ ಬೀಸಿ ಹೊಡೆದ್ರೂ ಪಾಯಿಂಟು, ಸೊಂಟದಿಂದ ಮೇಲೆ ತಲೆ ತೋಳು ಎಲ್ಲಾ ಲೆಕ್ಕಕ್ಕೆ ಬರುತ್ತೆ. ಜಾಕೆಟ್ಟಲ್ಲಿ ಲೋಹದ ಎಳೆ ಇರುತ್ತೆ, ಕತ್ತಿಗೆ ವೈರು, ತಾಗಿದ ತಕ್ಷಣ ಲೈಟ್ ಹತ್ಕೊಳ್ಳುತ್ತೆ, ಇಬ್ರದ್ದೂ ಒಟ್ಟಿಗೆ ಹತ್ತಿದ್ರೆ ದಾಳಿ ಯಾರದ್ದು ಮೊದಲು ಅಂತ ರೆಫ್ರಿ ತೀರ್ಮಾನ ಮಾಡ್ತಾರೆ. ಈಗ ಯೋಚ್ನೆ ಮಾಡಿ, ಇಷ್ಟು ವೇಗದ ಆಟವನ್ನ ಭವಾನಿ ಶುರುವಲ್ಲಿ ಕಲಿತಿದ್ದು ಬಿದಿರು ಕೋಲಲ್ಲಿ, ಯಾಕಂದ್ರೆ ನಿಜವಾದ ಕತ್ತಿ ಮುರಿದ್ರೆ ಇನ್ನೊಂದು ತರೋದು ಸುಲಭ ಇರ್ಲಿಲ್ಲ. ನಿಜವಾದ ಕತ್ತಿ ಟೂರ್ನಮೆಂಟಿಗೆ ಮಾತ್ರ!

ಹತ್ತನೇ ಕ್ಲಾಸ್ ಆದ್ಮೇಲೆ ಮನೆ ಬಿಟ್ಟು ಕೇರಳದ ತಲಶ್ಶೇರಿಯ ಸಾಯ್ (ಸ್ಪೋರ್ಟ್ಸ್ ಅಥಾರಿಟಿ ಆಫ್ ಇಂಡಿಯಾ) ಸೆಂಟರ್ ಸೇರಿದ್ರು, ಅಲ್ಲಿ ಕೋಚ್ ಸಾಗರ್ ಲಾಗು. ಹದಿನಾಲ್ಕನೇ ವಯಸ್ಸಿಗೆ ಮೊದಲ ಇಂಟರ್‌ನ್ಯಾಷನಲ್ ಅಂತ ಟರ್ಕಿಗೆ ಹೋದ್ರೆ ಮೂರು ನಿಮಿಷ ಲೇಟಾಯ್ತು ಅಂತ ಬ್ಲ್ಯಾಕ್ ಕಾರ್ಡ್ ತೋರಿಸಿ ಹೊರಗೆ ಕಳಿಸಿದ್ರು. ಮನೇಲಿ ಒಡವೆ ಗಿರವಿ ಇಟ್ಟು ದುಡ್ಡು ಹೊಂದಿಸ್ತಿದ್ದ ಅಮ್ಮನ ಮಗಳು ಅಷ್ಟು ದೂರ ಹೋಗಿ ಆಡದೇ ವಾಪಸ್ ಬರೋದು ಅಂದ್ರೆ... ನನಗಂತೂ ಓದುವಾಗ್ಲೇ ಹೊಟ್ಟೆ ಸಂಕಟ ಆಯ್ತು.

ದುಡ್ಡಿನ ಕಷ್ಟ ಎಲ್ರಿಗೂ ಅರ್ಥ ಆಗುತ್ತೆ. ಆದ್ರೆ ಇಂಥ ಆಟದಲ್ಲಿ ಅದಕ್ಕಿಂತ ದೊಡ್ಡ ಕಷ್ಟ ಎದುರಾಳಿ ಸಿಗದಿರೋದು ಅಂತ ನನಗನ್ಸುತ್ತೆ. ಗಲ್ಲಿಗೊಬ್ಬ ಫಾಸ್ಟ್ ಬೌಲರ್ ಸಿಗ್ತಾನೆ, ಸೇಬರ್ ಹಿಡಿದು ನಿಮ್ಮನ್ನ ಸೋಲಿಸೋಷ್ಟು ಗಟ್ಟಿಗರು ಆಗ ಊರಲ್ಲೇ ಎಲ್ಲಿ ಸಿಗ್ತಿದ್ರು? ಅವರನ್ನ ಹುಡುಕ್ಕೊಂಡು ಯುರೋಪಿಗೇ ಹೋಗ್ಬೇಕು, ಅಂದ್ರೆ ಪ್ರತಿ ಸಲ ವೀಸಾ, ಟಿಕೆಟ್ಟು, ರೂಮು. 2015ರಲ್ಲಿ ನಮ್ಮ ಬೆಂಗಳೂರಿನ ಗೋಸ್ಪೋರ್ಟ್ಸ್ ಫೌಂಡೇಶನ್ ರಾಹುಲ್ ದ್ರಾವಿಡ್ ಹೆಸರಿನ ಮೆಂಟರ್‌ಶಿಪ್ ಪ್ರೋಗ್ರಾಮಿಗೆ ಇವರನ್ನ ತಗೊಳ್ತು, ಆಮೇಲೆ ಇಟಲಿಯ ಲಿವೊರ್ನೊದಲ್ಲಿ ನಿಕೋಲಾ ಝನೋಟ್ಟಿ ಹತ್ರ ಟ್ರೈನಿಂಗ್ ಶುರುವಾಯ್ತು. 2017ರಲ್ಲಿ ಐಸ್‌ಲೆಂಡಿನ ರೇಕ್ಯವಿಕ್‌ನಲ್ಲಿ ಸ್ಯಾಟಲೈಟ್ ವರ್ಲ್ಡ್ ಕಪ್ (ಮುಖ್ಯ ವರ್ಲ್ಡ್ ಕಪ್‌ಗಿಂತ ಒಂದು ಹಂತ ಕೆಳಗಿನ ಟೂರ್ನಮೆಂಟು) ಚಿನ್ನ, 2018ರಲ್ಲಿ ಕ್ಯಾನ್‌ಬೆರಾದಲ್ಲಿ ಕಾಮನ್‌ವೆಲ್ತ್ ಫೆನ್ಸಿಂಗ್ ಚಾಂಪಿಯನ್‌ಶಿಪ್ ಚಿನ್ನ. 2019ರಲ್ಲಿ ಅಪ್ಪ ತೀರ್ಕೊಂಡ್ರು. ಮಗಳು ಒಲಿಂಪಿಕ್ಸಿಗೆ ಹೋಗಿದ್ದನ್ನ ಅವರು ನೋಡ್ಲಿಲ್ಲ.

ಟೋಕಿಯೋದಲ್ಲಿ, 2021ರ ಜುಲೈ 26, ಒಲಿಂಪಿಕ್ಸಲ್ಲಿ ಕತ್ತಿ ಹಿಡಿದ ಮೊದಲ ಭಾರತೀಯರು ಭವಾನಿ. ಟ್ಯುನೀಷಿಯಾದ ನಾದಿಯಾ ಬೆನ್ ಅಜೀಜಿ ವಿರುದ್ಧ 15-3ರಲ್ಲಿ ಗೆದ್ದು, ಮುಂದಿನ ಸುತ್ತಲ್ಲಿ ಫ್ರಾನ್ಸಿನ ಮನೋನ್ ಬ್ರೂನೆ ವಿರುದ್ಧ 7-15ಕ್ಕೆ ಸೋತ್ರು. ಸೋತಿದ್ದಕ್ಕೆ ಟ್ವಿಟ್ಟರಲ್ಲಿ ದೇಶದ ಕ್ಷಮೆ ಕೇಳಿದ್ರು. ಕ್ಷಮೆ ಯಾಕೆ ಕೇಳ್ಬೇಕಿತ್ತು ಹೇಳಿ, ಅವತ್ತಿನ ತನಕ ಎಷ್ಟು ಜನ ಆ ಆಟ ನೋಡಿದ್ವಿ ನಾವು?

ಅಲ್ಲಿಗೇ ನಿಲ್ಲಿಸ್ಲಿಲ್ಲ ಅನ್ನೋದು ನನಗೆ ಇನ್ನೂ ಇಷ್ಟ. 2023ರ ಜೂನಲ್ಲಿ ಚೀನಾದ ವೂಶಿಯಲ್ಲಿ ಏಷ್ಯನ್ ಚಾಂಪಿಯನ್‌ಶಿಪ್, ಕ್ವಾರ್ಟರ್ ಫೈನಲಲ್ಲಿ ಎದುರಿಗಿದ್ದೋರು ಜಪಾನಿನ ಮಿಸಾಕಿ ಎಮುರಾ, ವರ್ಲ್ಡ್ ಚಾಂಪಿಯನ್. 15-10, ಭವಾನಿ ಗೆದ್ರು. ಸೆಮಿಫೈನಲಲ್ಲಿ ಉಜ್ಬೇಕಿಸ್ತಾನದ ಝೈನಾಬ್ ದಯಿಬೆಕೋವಾ ವಿರುದ್ಧ ಒಂದೇ ಒಂದು ಪಾಯಿಂಟಲ್ಲಿ ಹೋಯ್ತು, 14-15. ಕಂಚು ಬಂತು, ಏಷ್ಯನ್ ಚಾಂಪಿಯನ್‌ಶಿಪ್ಪಲ್ಲಿ ಭಾರತಕ್ಕೆ ಫೆನ್ಸಿಂಗಲ್ಲಿ ಮೊದಲ ಪದಕ ಅದು. ಟೋಕಿಯೋಕ್ಕಿಂತ ನನಗೆ ಈ ಗೆಲುವೇ ದೊಡ್ಡದು, ಯಾಕಂದ್ರೆ ಮೊದಲನೇಯೋರು ಅನ್ನೋ ರಿಯಾಯಿತಿ ಇದ್ರಲ್ಲಿ ಬೇಕಿಲ್ಲ, ಪ್ರಪಂಚದ ಚಾಂಪಿಯನ್ನನ್ನ ಅಂಕಣದಲ್ಲಿ ಎದುರು ನಿಂತು ಸೋಲಿಸಿದ್ದು ಅಷ್ಟೇ.