‘ಎಲ್ಲ ನಾರ್ಮಲ್’ ಎಂದ ಮೇಲೂ ಉಳಿಯುವ ನೋವು

ಸಕಲೇಶಪುರದ ನನ್ನ ಚಿಕಿತ್ಸಾಲಯಕ್ಕೆ ಬರುವ ಕಿರಿಯ ವೈದ್ಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಪರೀಕ್ಷೆಗಳಲ್ಲಿ ಕಾರಣವೇ ಸಿಗದ ನೋವಿನವರಿಗೆ ಏನೆಂದು ಧೈರ್ಯ ಹೇಳಬೇಕು? ‘ಏನೂ ಇಲ್ಲ, ಹೋಗಿ’ ಎಂಬ ಮಾತನ್ನು ಮೊದಲು ಬಿಡಿ ಎನ್ನುತ್ತೇನೆ. ರಾತ್ರಿಯಿಡೀ ಮಗ್ಗುಲು ಬದಲಿಸಿ ಬಂದವರಿಗೆ ಅದು ‘ನೀವು ಹೇಳುವುದು ಸುಳ್ಳು’ ಎಂದೇ ಕೇಳಿಸುತ್ತದೆ.

ಕಳೆದ ಕೊಯ್ಲಿನ ಕಾಲದಲ್ಲಿ ಕಾಫಿ ತೋಟದ ಕೆಲಸಕ್ಕೆ ಹೋಗುವ ಹೆಂಗಸೊಬ್ಬರು ಚೀಲದ ತುಂಬ ಸ್ಕ್ಯಾನ್ ಫಿಲ್ಮುಗಳನ್ನು ತಂದು ಮೇಜಿನ ಮೇಲಿಟ್ಟು, ‘ಎಲ್ಲ ನಾರ್ಮಲ್ ಅಂತಾರೆ ಡಾಕ್ಟ್ರೇ, ಹಂಗಾದ್ರೆ ನಾನು ನಾಟ್ಕ ಆಡ್ತಿದೀನಾ?’ ಎಂದರು. ಚೀಲ ಬಿಚ್ಚುವ ಮೊದಲು ಅವರ ಸೊಂಟ ಮುಟ್ಟಿ ನೋಡಿ, ಕಾಲುಗಳ ಬಲ ಪರೀಕ್ಷಿಸಿ, ಯಾವ ಕಾಯಿಲೆಯ ಹೆದರಿಕೆ ಮನಸ್ಸಿನಲ್ಲಿದೆ ಎಂದು ಕೇಳಿದೆ. ಅಕ್ಕನಿಗೆ ಬಂದಿದ್ದ ಕ್ಯಾನ್ಸರ್ ಎಂಬ ಉತ್ತರ ಹೊರಬರಲು ಹತ್ತು ನಿಮಿಷ ಬೇಕಾಯಿತು.

‘ಅಮ್ಮಾ, ಗದ್ದೆಗೆ ಆನೆ ಬಂದು ಹೋದ ಮೇಲೆ ನಿಮಗೆ ನಿದ್ದೆ ಹೇಗಿರುತ್ತೆ?’

‘ಎಲೆ ಅಲ್ಲಾಡಿದ್ರೂ ಎದ್ದು ಕೂರ್ತೀವಿ.’

‘ನಿಮ್ಮ ನರಗಳೂ ಹಾಗೇ ಎದ್ದು ಕೂತಿವೆ. ಆನೆ ಹೋಗಿದೆ, ಭಯ ಹೋಗಿಲ್ಲ. ನೋವು ನಿಜ, ಆದ್ರೆ ಒಳಗೆ ಏನೂ ಹಾಳಾಗ್ತಿಲ್ಲ.’

ಇದು ಸಮಾಧಾನಕ್ಕೆ ಕಟ್ಟಿದ ಕಥೆಯಲ್ಲ. ಗಾಯವಿಲ್ಲದೆಯೂ ನೋವು ಇರಬಲ್ಲದು ಎಂಬುದಕ್ಕೆ, ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯಲ್ಲಿಯೇ ಜಾಗವಿದೆ. ಬೆನ್ನು ತಟ್ಟಿ ಒಳ್ಳೆಯ ಮಾತಾಡಿದರೆ ಆ ಹೊತ್ತಿಗೆ ಹಗುರವಾಗುತ್ತದೆ, ನಿಜ; ಆದರೆ ನೋವು ಏಕೆ ಬರುತ್ತಿದೆ ಎಂಬುದು ಅರ್ಥವಾಗದಿದ್ದರೆ ಮನೆ ಮುಟ್ಟುವಷ್ಟರಲ್ಲಿ ಹೆದರಿಕೆ ಮತ್ತೆ ಹಿಡಿಯುತ್ತದೆ.

ಇನ್ನೊಂದು ಸ್ಕ್ಯಾನ್ ಮಾಡಿಸಿದರೆ ಧೈರ್ಯ ಬಂದೀತು ಎಂಬ ನಂಬಿಕೆಯನ್ನೂ ನಾನು ಒಪ್ಪುವುದಿಲ್ಲ. ಬೆನ್ನುನೋವೇ ಇಲ್ಲದವರ ಸ್ಕ್ಯಾನುಗಳ ಕುರಿತ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ, 20ರ ವಯಸ್ಸಿನವರಲ್ಲಿ ಶೇ. 37, 80ರ ವಯಸ್ಸಿನವರಲ್ಲಿ ಶೇ. 96 ಮಂದಿಗೆ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆತ ಕಂಡಿತ್ತು; ನೋವಿನವರಲ್ಲಿ ಅದೇ ಸವೆತ ಕಂಡರೆ ಹೊಸದೊಂದು ಹೆದರಿಕೆ ಶುರುವಾಗುತ್ತದೆ. ಪರೀಕ್ಷೆ ಬೇಕೇ ಬೇಕೆಂದಾಗ, ‘ಇದು ನಾರ್ಮಲ್ ಬರುವ ಸಂಭವವೇ ಹೆಚ್ಚು, ಬಂದರೆ ಅದರ ಅರ್ಥ ಹೀಗೆ’ ಎಂಬುದನ್ನು ಪರೀಕ್ಷೆಗೆ ಚೀಟಿ ಬರೆಯುವ ಮೊದಲೇ ತಿಳಿಸಬೇಕು. ವರದಿ ಬಂದ ಮೇಲೆ ಹೇಳಿದರೆ ಕೈತೊಳೆದುಕೊಂಡಂತೆ ಕಾಣುತ್ತದೆ.

ಮೂತ್ರದ ಹಿಡಿತ ತಪ್ಪಿದರೆ, ಕಾಲು ಸೋತರೆ, ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ತಡಮಾಡದೆ ಬರಬೇಕೆಂದು ಆ ತಾಯಿಗೆ ತಿಳಿಸಿ, ಏನೂ ಆಗದಿದ್ದರೂ ಮೂರು ವಾರಕ್ಕೆ ಬನ್ನಿ ಎಂದು ದಿನಾಂಕವನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಆ ದಿನಾಂಕಕ್ಕೇ ಬಂದರು. ನೋವು ಇನ್ನೂ ಇತ್ತು. ಅರ್ಧ ದಿನ ಹಣ್ಣು ಕೊಯ್ಯಲು ಹೋಗುತ್ತಿದ್ದೇನೆ ಎಂದರು.