ಗಂಡ-ಹೆಂಡತಿ ಇಬ್ಬರೇ ತಿಂಗಳುಗಟ್ಟಲೆ ಕಿನ್ನೌರ್, ಸ್ಪಿತಿ ಸುತ್ತಲು ಹೊರಟಿದ್ದೀರಾ?

ಹಿಮಾಚಲ ಪ್ರದೇಶದ ಶಿಮ್ಲಾದಿಂದ ಹೊರಟು ಕಿನ್ನೌರ್, ಸ್ಪಿತಿ ಹಾದು ಮನಾಲಿಗೆ ಇಳಿಯುವ ದಾರಿಯನ್ನು ಹೆಚ್ಚಿನವರು ಕಾರಿನಲ್ಲಿ ಒಂದೂವರೆ ವಾರದೊಳಗೆ ಮುಗಿಸುತ್ತಾರೆ. ನಾವು ಗಂಡ-ಹೆಂಡತಿ ಅದೇ ದಾರಿಯನ್ನು ಸರ್ಕಾರಿ ಬಸ್ಸಿನಲ್ಲಿ, ಊರೂರಲ್ಲಿ ಉಳಿದು, ತಿಂಗಳುಗಟ್ಟಲೆ ಸುತ್ತಿದೆವು. ವಾಪಸ್ ಬಂದ ಮೇಲೆ ಎಲ್ಲರೂ ಕೇಳಿದ ಮೊದಲ ಪ್ರಶ್ನೆ ಖರ್ಚಿನದು. ಎರಡನೆಯದನ್ನು ಹೆಂಗಸರು ಅಡುಗೆಮನೆಗೆ ಕರೆದು ಕೇಳಿದರು: "ದಿನವಿಡೀ ಇಬ್ಬರೇ ಇದ್ರಲ್ಲ, ಜಗಳ ಆಗಲಿಲ್ವಾ?"

ಆಯ್ತು. ಆದರೆ ದೊಡ್ಡ ವಿಷಯಕ್ಕೆ ಒಂದು ದಿನವೂ ಆಗಲಿಲ್ಲ. ಆಫೀಸು, ಮನೆ ಸಾಲ, ಅತ್ತೆ-ನಾದಿನಿ ಎಲ್ಲ ಬೆಂಗಳೂರಲ್ಲೇ ಉಳಿದಿದ್ದವು. ಅಲ್ಲಿ ಜಗಳ ಹುಟ್ಟುತ್ತಿದ್ದದ್ದು ಇಂಥ ಮಾತಿಗೆ:

"ಎಲ್ಲಿ ಊಟ ಮಾಡೋಣ?"

"ನಿಂಗೆ ಎಲ್ಲಿ ಬೇಕೋ ಅಲ್ಲಿ."

"ನಂಗೆ ಎಲ್ಲಾದ್ರೂ ಸರಿ, ನೀವೇ ಹೇಳಿ."

"ಅಯ್ಯೋ, ನಾನೂ ಅದನ್ನೇ ಹೇಳ್ತಿರೋದು."

ರಾಮ್‌ಪುರದ ಬಸ್‌ಸ್ಟ್ಯಾಂಡಿನಲ್ಲಿ ಈ ಮಾತು ಮುಗಿಯುವುದರೊಳಗೆ ಕಂಡಕ್ಟರ್ ಸೀಟಿ ಊದಿದ. ಸಂಜೆವರೆಗೆ ಬಿಸ್ಕತ್ತೇ ಗತಿ.

ಮನೆಯಲ್ಲಿದ್ದಾಗ ನಾವು ದಿನಕ್ಕೆ ಎಷ್ಟು ಕಡಿಮೆ ತೀರ್ಮಾನ ಮಾಡುತ್ತೇವೆ ಅನ್ನೋದು ಊರು ಬಿಟ್ಟಾಗಲೇ ಗೊತ್ತಾಗೋದು. ಹಾಲು ತಾನಾಗಿ ಬರುತ್ತದೆ, ಮಲಗೋ ಮಂಚ ಇದ್ದಲ್ಲೇ ಇರುತ್ತದೆ. ದಾರಿಯಲ್ಲಿ ಹಾಗಲ್ಲ. ಯಾವ ಬಸ್ಸು, ಯಾವ ರೂಮು, ಬ್ಯಾಗ್ ಮೇಲೆ ಹಾಕಬೇಕಾ ಒಳಗಾ, ಇವತ್ತು ಹೊರಡೋದಾ ನಾಳೆಯಾ, ಎಲ್ಲವನ್ನೂ ಕೂತು ಮಾತಾಡಬೇಕು. "ಇಬ್ಬರೂ ಸೇರಿ ತೀರ್ಮಾನ ಮಾಡಿ" ಅಂತ ಎಲ್ಲರೂ ಬುದ್ಧಿ ಹೇಳಿ ಕಳಿಸುತ್ತಾರೆ. ನಾನು ಅದಕ್ಕೆ ಉಲ್ಟಾ ಹೇಳುತ್ತೇನೆ: ಆದಷ್ಟು ಕಡಿಮೆ ವಿಷಯಗಳನ್ನು ಸೇರಿ ತೀರ್ಮಾನ ಮಾಡಿ. ಸಂಪುಟದಲ್ಲಿ ಮಾಡುವ ಹಾಗೆ ಖಾತೆ ಹಂಚಿಕೊಳ್ಳಿ.

ನಮ್ಮಲ್ಲಿ ಬಸ್ಸು, ಟಿಕೆಟ್ಟು, ಟೈಮು, ದಾರಿ ಇವರ ಖಾತೆ. ರೂಮು, ಊಟ, ಲೆಕ್ಕ ನನ್ನದು. ನನ್ನ ಹಿಂದಿ ಪರವಾಗಿಲ್ಲ, ಚೌಕಾಸಿಗೆ ಸಾಕು. ಇವರದು ಎರಡನೇ ವಾಕ್ಯಕ್ಕೇ ಇಂಗ್ಲಿಷಿಗೆ ತಿರುಗಿಬಿಡುತ್ತದೆ, ತಿರುಗಿದ ಕೂಡಲೇ ರೂಮಿನ ದರ ಮೇಲಕ್ಕೆ ಹೋಗುತ್ತದೆ. ಹಾಗಾಗಿ ಹಂಚಿಕೆ ಸುಲಭವಾಯಿತು. ಖಾತೆ ಯಾರದೋ ಅವರೇ ತೀರ್ಮಾನ ಮಾಡಬೇಕು. ಇನ್ನೊಬ್ಬರು ಕೇಳಿದರೆ ಮಾತ್ರ ಅಭಿಪ್ರಾಯ ಹೇಳಬೇಕು. ಮುಖ್ಯವಾಗಿ, ಬಸ್ಸು ತಪ್ಪಿದಾಗ, ರೂಮಿನಲ್ಲಿ ಬಿಸಿನೀರು ಬರದಿದ್ದಾಗ "ನಾನು ಆಗಲೇ ಹೇಳಿದ್ನಲ್ಲ" ಅನ್ನುವಂತಿಲ್ಲ. ಈ ಕೊನೆಯದು ಕಷ್ಟ. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಕಿಟಕಿ ಕಡೆ ನೋಡುತ್ತಾ ಕೂತ ಸಲ ಬೇಕಾದಷ್ಟಿವೆ.

ಈಗ ದಾರಿಯ ವಿಷಯಕ್ಕೆ ಬರುತ್ತೇನೆ.

ಯಶವಂತಪುರದಿಂದ ಚಂಡೀಗಢಕ್ಕೆ ನೇರ ಸಂಪರ್ಕ ಕ್ರಾಂತಿ ರೈಲಿದೆ, ಆದರೆ ದಿನಾ ಓಡುವುದಿಲ್ಲ. ದೆಹಲಿವರೆಗೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹೋಗಿ ಅಲ್ಲಿಂದ ಕಾಲ್ಕಾಗೆ ಹೋದರೂ ಆದೀತು. 2024ರ ನವೆಂಬರ್‌ನಿಂದ ರೈಲ್ವೆ ಬುಕಿಂಗ್ 60 ದಿನ ಮುಂಚೆಯಷ್ಟೇ ತೆರೆಯುತ್ತದೆ, ಆ ಬೆಳಗ್ಗೆಯೇ ಕೂತು ಮಾಡಿಸಿಬಿಡಿ. ಆರ್‌ಎಸಿ ಸಿಕ್ಕಿತು ಅಂತ ಖುಷಿಪಟ್ಟು ಹೊರಟರೆ, ಅದು ಕನ್ಫರ್ಮ್ ಆಗದೇ ಹೋದರೆ, ಸೈಡ್ ಲೋಯರ್‌ನ ಒಂದೇ ಬರ್ತ್‌ನಲ್ಲಿ ಇಬ್ಬರು ಕಾಲು ಮಡಚಿಕೊಂಡು ರಾತ್ರಿ ಕಳೆಯಬೇಕು. ಪ್ರವಾಸ ಶುರುವಾಗುವ ಮೊದಲೇ ಮುಖ ಊದಿಸಿಕೊಳ್ಳಲು ಅಷ್ಟು ಸಾಕು. ಕಾಲ್ಕಾದಿಂದ ಶಿಮ್ಲಾಕ್ಕೆ ಪುಟ್ಟ ರೈಲಿನಲ್ಲೇ ಹೋಗಿ. 96 ಕಿಲೋಮೀಟರ್, ನೂರಕ್ಕೂ ಹೆಚ್ಚು ಸುರಂಗ, ಐದು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಬಸ್ಸು ಬೇಗ ಹೋಗುತ್ತದೆ ನಿಜ. ತಿಂಗಳುಗಟ್ಟಲೆ ರಜೆ ಹಾಕಿ ಬಂದವರಿಗೆ ಬೇಗ ಹೋಗಿ ಏನಾಗಬೇಕು?

ಸ್ಪಿತಿಗೆ ಎರಡು ಬಾಗಿಲು. ಒಂದು ಶಿಮ್ಲಾ ಕಡೆಯಿಂದ, ಇನ್ನೊಂದು ಮನಾಲಿ ಕಡೆಯಿಂದ. ಶಿಮ್ಲಾ ಕಡೆಯಿಂದಲೇ ಹತ್ತಿ. ಶಿಮ್ಲಾ ಸುಮಾರು 2,200 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಭೀಮಾಕಾಳಿ ದೇವಸ್ಥಾನವಿರುವ ಸರಾಹನ್, ಬಾಸ್ಪಾ ನದಿ ಪಕ್ಕದ ಸಾಂಗ್ಲಾ, ಕಿನ್ನರ ಕೈಲಾಸದ ಎದುರಿಗೆ ಕೂತಿರುವ ಕಲ್ಪಾ (2,960 ಮೀಟರ್), ಆಮೇಲೆ ನಾಕೋ, ತಾಬೋ, ಕಾಜಾ. ಹೀಗೆ ನಿಧಾನಕ್ಕೆ ಏರಿದರೆ ಮೈ ಹೊಂದಿಕೊಳ್ಳುತ್ತದೆ. ಮನಾಲಿಯಿಂದ ಹೊರಟರೆ ಒಂದೇ ದಿನದಲ್ಲಿ 4,500 ಮೀಟರ್ ದಾಟುವ ಕುಂಜುಮ್ ಕಣಿವೆದಾರಿ ಹತ್ತಿ ಇಳಿದು, ಸುಮಾರು 3,700 ಮೀಟರ್‌ನ ಕಾಜಾದಲ್ಲಿ ಮಲಗಬೇಕಾಗುತ್ತದೆ. ಸಾಮಾನ್ಯ ಲೆಕ್ಕ ಏನೆಂದರೆ, 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ರಾತ್ರಿಯಿಂದ ರಾತ್ರಿಗೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ಮೂರು-ನಾಲ್ಕು ದಿನಕ್ಕೊಮ್ಮೆ ಇದ್ದಲ್ಲೇ ಇದ್ದು ಸುಧಾರಿಸಿಕೊಳ್ಳಬೇಕು.

ಇಲ್ಲಿ ಜೋಡಿಯಾಗಿ ಹೋಗುವವರಿಗೆ ಒಂದು ಮಾತು. ಎತ್ತರಕ್ಕೆ ಇಬ್ಬರ ಮೈ ಒಂದೇ ಥರ ಒಗ್ಗುವುದಿಲ್ಲ. ಗಟ್ಟಿಮುಟ್ಟಾಗಿರುವವರಿಗೆ ಏನೂ ಆಗಲ್ಲ ಅನ್ನೋದೂ ಸುಳ್ಳು. ದಿನಾ ಬೆಳಗ್ಗೆ ಲಾಲ್‌ಬಾಗಿನಲ್ಲಿ ಓಡುವ ಇವರಿಗೆ ನಾಕೋದಲ್ಲಿ ತಲೆನೋವು ಹಿಡಿಯಿತು. ಹಾಲಿನ ಬೂತಿಗೂ ಸ್ಕೂಟಿಯಲ್ಲಿ ಹೋಗುವ ನಾನು ತಟ್ಟೆ ತುಂಬಾ ರಾಜ್ಮಾ ಚಾವಲ್ ತಿಂದು ಕೂತಿದ್ದೆ. "ಏನಿಲ್ಲ ಮಾರಾಯ್ತಿ, ಬಿಸಿಲಿಗೆ" ಅಂದರು. ಊಟ ಮುಟ್ಟಲಿಲ್ಲ. ರಾತ್ರಿ ಎದ್ದೆದ್ದು ಕೂತರು. ಕಾಯಿಲೆ ಬಂದವರು ಅದನ್ನು ಕೊನೆಗೇ ಒಪ್ಪಿಕೊಳ್ಳೋದು, ಪಕ್ಕದಲ್ಲಿರುವವರಿಗೇ ಮೊದಲು ಗೊತ್ತಾಗುತ್ತದೆ. ಹಾಗಾಗಿ ಖಾತೆ ಹಂಚಿಕೆ ಆರೋಗ್ಯಕ್ಕೆ ಅನ್ವಯಿಸುವುದಿಲ್ಲ. ಅಲ್ಲಿ ಇಬ್ಬರಲ್ಲಿ ಯಾರೇ ಬೇಡ ಅಂದರೂ ಬೇಡ, ವಾದ ಇಲ್ಲ.

ನಾಕೋ 3,660 ಮೀಟರ್, ಕಲ್ಪಾಕ್ಕಿಂತ 700 ಮೀಟರ್ ಮೇಲೆ. ಇಲ್ಲಿ ಆ 500ರ ಲೆಕ್ಕ ಮೀರುತ್ತದೆ, ಜೋಪಾನ. ಮುಂದಿನ ತಾಬೋ 3,280. ಮುಂದಕ್ಕೆ ಹೋದರೇ ಇಳಿದ ಹಾಗೆ, ಅದೊಂದು ಅನುಕೂಲ. ಮರುದಿನ ತಾಬೋಗೆ ಹೋಗಿ ಅಲ್ಲೇ ತಳವೂರಿದೆವು. ತಲೆನೋವು, ವಾಕರಿಕೆ, ಹಸಿವಿಲ್ಲದಿರೋದು, ನಿದ್ದೆ ಬಾರದಿರೋದು ಕಂಡರೆ ಮೇಲೆ ಹತ್ತಬೇಡಿ. ಕೂತಲ್ಲೇ ಏದುಸಿರು ಬಂದರೆ, ಮಾತು ಅಡ್ಡಾದಿಡ್ಡಿಯಾದರೆ, ಹಿಮ್ಮಡಿಗೆ ತುದಿಗಾಲು ತಾಗಿಸಿಕೊಂಡು ನೇರ ಗೆರೆಯಲ್ಲಿ ನಡೆಯಲು ಆಗದಿದ್ದರೆ ರಾತ್ರಿಯಾದರೂ ಸರಿ, ಗಾಡಿ ಹಿಡಿದು ಕೆಳಗಿಳಿಯಬೇಕು. ಅದು ಪ್ರಾಣಕ್ಕೆ ಬರುವ ವಿಷಯ. ಎತ್ತರದ ಕಾಯಿಲೆಗೆ ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ಊರಲ್ಲೇ ಡಾಕ್ಟರ್ ಹತ್ತಿರ ಕೇಳಿಕೊಂಡು ತನ್ನಿ. ಸಲ್ಫಾ ಔಷಧಿ ಮೈಗೆ ಆಗದವರಾದರೆ ಅದನ್ನು ಮೊದಲೇ ಅವರಿಗೆ ಹೇಳಿ.

ತಾಬೋದಲ್ಲಿ ತಳವೂರಿದ್ದಕ್ಕೆ ಬೇಸರವೇನೂ ಆಗಲಿಲ್ಲ. 996ರಲ್ಲಿ ಕಟ್ಟಿದ ಮಣ್ಣಿನ ವಿಹಾರವಿದೆ ಅಲ್ಲಿ. ಹೊರಗಿನಿಂದ ನೋಡಿದರೆ ಬರೀ ಮಣ್ಣಿನ ಗೋಡೆ. ಒಳಗೆ ಕತ್ತಲೆಗೆ ಕಣ್ಣು ಒಗ್ಗುತ್ತಿದ್ದ ಹಾಗೆ ಗೋಡೆ ತುಂಬಾ ಚಿತ್ರ, ಸಾಲಾಗಿ ಮೂರ್ತಿಗಳು. ಒಳಗೆ ಫೋಟೋ ತೆಗೆಯುವಂತಿಲ್ಲ, ಒಳ್ಳೆಯದೇ ಆಯಿತು. ಟಾರ್ಚ್ ಒಯ್ಯಿರಿ.

ಇನ್ನು ದಿನವಿಡೀ ಒಬ್ಬರ ಮುಖ ಒಬ್ಬರು ನೋಡಿಕೊಂಡಿರುವ ವಿಷಯ. ವಾರಕ್ಕೆ ಎರಡು ಮಧ್ಯಾಹ್ನವಾದರೂ ಬೇರೆ ಬೇರೆ ಇರಿ. ಮುನಿಸಿಕೊಂಡು ಬೇರೆಯಾಗೋದಲ್ಲ, ಮೊದಲೇ ಗೊತ್ತು ಮಾಡಿಕೊಂಡು. ಕಲ್ಪಾ ಇದಕ್ಕೆ ಹೇಳಿ ಮಾಡಿಸಿದ ಊರು. ಇವರು ಊಟ ಮುಗಿಸಿ ಪಕ್ಕದ ರೋಘಿ ಹಳ್ಳಿ ಕಡೆಗೆ ನಡೆದರೆ ನಾನು ಮನೆ ಒಡತಿ ಜೊತೆ ಅಂಗಳದಲ್ಲಿ ಕೂರುತ್ತಿದ್ದೆ. ಸೇಬಿನ ಕೊಯ್ಲು ನಡೆಯುತ್ತಿತ್ತು. ನೀಲಿ ಟಾರ್ಪಾಲಿನ ಮೇಲೆ ಹಣ್ಣಿನ ರಾಶಿ. ಗಾತ್ರ ನೋಡಿ ಬೇರೆ ಮಾಡಿ, ಟ್ರೇಯಲ್ಲಿ ಜೋಡಿಸಿ, ಪೆಟ್ಟಿಗೆಗೆ ತುಂಬೋದು. ನಾನು ತೊಟ್ಟು ಕಿತ್ತುಹೋದ ಒಂದು ಹಣ್ಣನ್ನು ಒಳ್ಳೆಯ ಸಾಲಿಗೆ ಇಟ್ಟೆ. ಆಕೆ ಏನೂ ಹೇಳದೆ ಅದನ್ನೆತ್ತಿ ಸೆರಗಿನ ಹಾಗೆ ಹೊದ್ದಿದ್ದ ಶಾಲಿಗೆ ಒರೆಸಿ ನನ್ನ ಕೈಗೇ ಕೊಟ್ಟಳು, ತಿನ್ನು ಅಂತ. ಸಂಜೆ ಇವರು ಬಂದಾಗ ಇಬ್ಬರಿಗೂ ಹೇಳಲು ಹೊಸ ಸುದ್ದಿ ಇತ್ತು. ಇಪ್ಪತ್ತನಾಲ್ಕು ಗಂಟೆಯೂ ಜೊತೆಗಿದ್ದರೆ ಹೇಳಿಕೊಳ್ಳೋಕೆ ಏನಿರುತ್ತೆ, ನೀವೇ ಹೇಳಿ?

ದುಡ್ಡಿಗೆ ಒಂದು ಜಿಪ್ ಚೀಲ ಮಾಡಿಕೊಳ್ಳಿ. ವಾರದ ಶುರುವಿಗೆ ಇಬ್ಬರೂ ಸಮ ಹಾಕಿ, ರೂಮು-ಊಟ-ಬಸ್ಸು ಅದರಿಂದಲೇ. ಅದರ ಹೊರಗೆ ಒಬ್ಬೊಬ್ಬರಿಗೂ ಸ್ವಂತ ಖರ್ಚಿನ ದುಡ್ಡು, ಅದಕ್ಕೆ ಲೆಕ್ಕ ಕೇಳುವಂತಿಲ್ಲ. ನಾನು ಕೊಂಡ ಉಣ್ಣೆ ಸಾಕ್ಸಿನ ಬೆಲೆ ಇವರಿಗೆ ಇವತ್ತಿಗೂ ಗೊತ್ತಿಲ್ಲ. ಕಿನ್ನೌರಿನ ಜಿಲ್ಲಾ ಕೇಂದ್ರ ರೆಕಾಂಗ್ ಪಿಯೋ ದಾಟಿದ ಮೇಲೆ ಎಟಿಎಂ ಇದೆ ಅಂತ ನಂಬಿಕೊಂಡು ಹೋಗಬೇಡಿ, ಕಾಜಾದಲ್ಲಿ ಇದ್ದರೂ ನೋಟು ಖಾಲಿಯಾಗಿರಬಹುದು. ಪಿಯೋದಲ್ಲೇ ತೆಗೆದು ಅರ್ಧರ್ಧ ಎರಡು ಬ್ಯಾಗಿನಲ್ಲಿಡಿ. ಸಿಮ್ಮಿಗೂ ಇದೇ ಲೆಕ್ಕ. ಇಬ್ಬರದೂ ಒಂದೇ ಕಂಪನಿದು ಬೇಡ, ಒಬ್ಬರದಾದರೂ ಬಿಎಸ್‌ಎನ್‌ಎಲ್ ಇರಲಿ. ಮುಂದೆ ಲಡಾಖಿಗೂ ಹೋಗುವ ಯೋಚನೆ ಇದ್ದರೆ ಒಬ್ಬರಾದರೂ ಪೋಸ್ಟ್‌ಪೇಯ್ಡ್‌ಗೆ ಬದಲಾಯಿಸಿಕೊಳ್ಳಿ, ನಮ್ಮ ಕಡೆಯ ಪ್ರೀಪೇಯ್ಡ್ ಅಲ್ಲಿ ನಡೆಯಲ್ಲ. ಮನೆಯಲ್ಲಿ ಅಪ್ಪ-ಅಮ್ಮನಿಗೆ "ಎರಡು ದಿನ ಫೋನ್ ಬರದಿದ್ದರೆ ಗಾಬರಿಯಾಗಬೇಡಿ" ಅಂತ ಮುಂಚೆಯೇ ಹೇಳಿಡಿ. ನನ್ನ ತಮ್ಮನ ಹತ್ತಿರ ಪ್ರತಿ ಊರಿನ ಹೋಮ್‌ಸ್ಟೇ ನಂಬರ್ ಇರುತ್ತಿತ್ತು. ಎರಡೂ ಮನೆಗೆ ಸುದ್ದಿ ಮುಟ್ಟಿಸುವ ಕೆಲಸ ಅವನದೇ.

ಹೋಮ್‌ಸ್ಟೇ ಬಗ್ಗೆ ಹೆಂಗಸರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸ್ಪಿತಿಯ ಮೇಲಿನ ಹಳ್ಳಿಗಳಾದ ಲಾಂಗ್ಜಾ, ಹಿಕ್ಕಿಂ, ಕೋಮಿಕ್‌ನಲ್ಲಿ ಎಷ್ಟೋ ಮನೆಗಳದು ಒಣ ಶೌಚಾಲಯ. ನೆಲದಲ್ಲಿ ಒಂದು ಕಿಂಡಿ, ಪಕ್ಕದಲ್ಲಿ ಮಣ್ಣಿನ ಗುಡ್ಡೆ, ಒಂದು ಸಲಿಕೆ. ಆದಮೇಲೆ ಮಣ್ಣು ಎಳೆದು ಹಾಕಬೇಕು. ನೀರು ಹಾಕಬಾರದು, ಅದು ಮುಂದೆ ಹೊಲಕ್ಕೆ ಹೋಗುವ ಗೊಬ್ಬರ. ವಾಸನೆ ಅಂದುಕೊಂಡಷ್ಟು ಇರುವುದಿಲ್ಲ. ಮುಟ್ಟಿನ ದಿನಗಳಲ್ಲಿ ಪ್ಯಾಡನ್ನು ಅದರೊಳಗೆ ಖಂಡಿತ ಹಾಕಬೇಡಿ. ಕಪ್ ಬಳಸುವ ಅಭ್ಯಾಸವಿದ್ದರೆ ಎಲ್ಲಕ್ಕಿಂತ ಸಲೀಸು, ಇಲ್ಲದಿದ್ದರೆ ಕಾಗದದಲ್ಲಿ ಸುತ್ತಿ ಕವರಿನಲ್ಲಿಟ್ಟು ಕಾಜಾಕ್ಕೆ ವಾಪಸ್ ತನ್ನಿ. ಆ ದಿನಗಳು ಯಾವ ಊರಲ್ಲಿ ಬೀಳುತ್ತವೆ ಅಂತ ಲೆಕ್ಕ ಹಾಕಿ, ಬಾತ್‌ರೂಮು ಸರಿ ಇರುವ ಊರಲ್ಲಿ ಜಾಸ್ತಿ ರಾತ್ರಿ ಇಟ್ಟುಕೊಳ್ಳಿ. ಇದನ್ನು ಗಂಡನಿಗೆ ಬಾಯಿಬಿಟ್ಟು ಹೇಳಿ. ಅವರಾಗಿಯೇ ಅರ್ಥ ಮಾಡಿಕೊಳ್ಳಲಿ ಅಂತ ಕಾದರೆ ಕಾಯುತ್ತಲೇ ಇರಬೇಕು.

ಈ ಮನೆಗಳಲ್ಲಿ ಬೆಚ್ಚಗಿರುವ ಜಾಗ ಅಡುಗೆಮನೆ. ನಡುವೆ ಕಬ್ಬಿಣದ ಒಲೆ, ಸುತ್ತ ತಗ್ಗಿನ ಆಸನ. "ಜುಲೆ" (ಅಲ್ಲಿಯ ನಮಸ್ಕಾರ) ಅಂತ ಹೇಳಿ, ಚಪ್ಪಲಿ ಬಿಟ್ಟು ಹೋಗಿ ಕೂತರಾಯಿತು. ಅಷ್ಟು ಎತ್ತರದಲ್ಲಿ ನೀರು 85-88 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಕುಕ್ಕರ್ ಇಲ್ಲದೆ ಬೇಳೆ ಬೇಯಲ್ಲ. ಕುಕ್ಕರ್ ಕೂಗುವವರೆಗೆ ಒಲೆ ಸುತ್ತ ಮಾತು ನಡೆಯುತ್ತದೆ. ಥುಕ್ಪಾ (ನೂಡಲ್ಸ್ ಸೂಪು), ಮೋಮೋ, ಆಲೂ-ಅನ್ನ ತಿಂದು ತಿಂದು ನಾಲಿಗೆ ಜಡ್ಡುಗಟ್ಟಿದಾಗ ಚಟ್ನಿಪುಡಿ ಡಬ್ಬಿ ತೆಗೆಯಿರಿ. ಪುಳಿಯೋಗರೆ ಗೊಜ್ಜು, ಗಟ್ಟಿ ಅವಲಕ್ಕಿಯೂ ಇರಲಿ. ಹಸಿವಾದ ಗಂಡನ ಜೊತೆ ದಾರಿಯ ಬಗ್ಗೆ ಮಾತಾಡುವ ಬದಲು ಮೊದಲು ಅವಲಕ್ಕಿ ಕಲಸಿಕೊಡೋದು ಮೇಲು. ಹೆಂಡತಿಗೂ ಅಷ್ಟೇ ಅನ್ನಿ.

ರೂಮನ್ನು ಮೊದಲ ರಾತ್ರಿಗೆ ಮಾತ್ರ ಗೊತ್ತು ಮಾಡಿ. ಒಂದು ರಾತ್ರಿ ಮಲಗಿ ನೋಡಿ, ಆಮೇಲೆ "ಒಂದು ವಾರ ಇರ್ತೀವಿ, ಎಷ್ಟಕ್ಕೆ ಕೊಡ್ತೀರಿ?" ಅಂತ ಕೇಳಿದರೆ ದರ ಇಳಿಯುತ್ತದೆ. ಬೆಳಗಿನ ಬಿಸಿಲು ಬೀಳುವ ಕಿಟಕಿ ಇದೆಯಾ ನೋಡಿ, ಟಿವಿ ಇದೆಯಾ ಅಂತಲ್ಲ. ಆಧಾರ್ ಇಬ್ಬರದೂ ಬೇಕೇ ಬೇಕು. ನನ್ನದರಲ್ಲಿ ಇನ್ನೂ ತವರಿನ ವಿಳಾಸವಿದೆ, ಅದನ್ನು ಎರಡೆರಡು ಸಲ ತಿರುಗಿಸಿ ನೋಡಿದವರಿದ್ದಾರೆ. ನಕ್ಕು ಸುಮ್ಮನಾಗಿ.

ಯಾವಾಗ ಹೋಗಬೇಕು? ಸ್ಪಿತಿ ಮಳೆ ನೆರಳಿನ ನಾಡು, ಅಲ್ಲಿ ಮಳೆ ಕಡಿಮೆ. ಆದರೆ ಅಲ್ಲಿಗೆ ಹೋಗುವ ಶಿಮ್ಲಾ-ಕಿನ್ನೌರ್ ದಾರಿಯಲ್ಲಿ ಜುಲೈ-ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದು ಮಾಮೂಲು. ಆಗಸ್ಟ್ ಕೊನೆಗೆ ಹೊರಟು ಸೆಪ್ಟೆಂಬರ್ ಪೂರ್ತಿ ಮೇಲಿರುವುದು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು. ಸೇಬೂ ಸಿಗುತ್ತದೆ, ಆಕಾಶವೂ ತಿಳಿಯಾಗಿರುತ್ತದೆ. ಪಿಯೋದಿಂದ ಕಾಜಾಕ್ಕೆ ಸರ್ಕಾರಿ ಬಸ್ಸು ಬೆಳಗ್ಗೆ ಬೇಗ ಹೊರಡುತ್ತದೆ, ಪೂರ್ತಿ ದಿನದ ದಾರಿ. ಹಿಂದಿನ ದಿನವೇ ಬಸ್‌ಸ್ಟ್ಯಾಂಡಿಗೆ ಹೋಗಿ ವಿಚಾರಿಸಿ.

ಅಕ್ಟೋಬರ್ ಬಂತೆಂದರೆ ಕುಂಜುಮ್ ಯಾವತ್ತು ಹಿಮ ಬಿದ್ದು ಮುಚ್ಚುತ್ತದೋ ಹೇಳಲಾಗುವುದಿಲ್ಲ. ಮುಚ್ಚಿದರೆ ಮನಾಲಿಗೆ ಇಳಿಯುವ ಆಸೆ ಬಿಟ್ಟು ಬಂದ ದಾರಿಯಲ್ಲೇ ಶಿಮ್ಲಾಕ್ಕೆ ತಿರುಗಬೇಕು, ಅದಕ್ಕೆ ಕಡಿಮೆಯೆಂದರೂ ಎರಡು ದಿನ ಬೇಕು. ಆದ್ದರಿಂದ ಊರಿಗೆ ವಾಪಸ್ ಬರುವ ರೈಲನ್ನು ಮನಾಲಿ ಲೆಕ್ಕದಲ್ಲಿ ಬುಕ್ ಮಾಡಬೇಡಿ. ಚಂಡೀಗಢದಿಂದಲೇ ಮಾಡಿಸಿ, ಮೇಲಿಂದ ಇಳಿದ ಮೇಲೆ ನಾಲ್ಕೈದು ದಿನ ಉಳಿಯುವ ಹಾಗೆ. ದಿನ ಮಿಕ್ಕರೆ ಚಂಡೀಗಢದಲ್ಲಿ ಮಾಡಲು ಏನೂ ಇಲ್ಲ ಅಂತ ಇವರು ಗೊಣಗಿದರು. ಬಟ್ಟೆ ಒಗೆಸೋದಿತ್ತಲ್ಲ.