ಟಿವಿ ಆಫ್ ಮಾಡಿ, ಪಿಡಿಎಫ್ ಓಪನ್ ಮಾಡಿ

ಚುನಾವಣಾ ಬಾಂಡ್ (ಎಸ್‌ಬಿಐಯಲ್ಲಿ ಕೊಂಡು, ಹೆಸರು ಹೊರಗೆ ಬರದ ಹಾಗೆ ಪಾರ್ಟಿಗಳಿಗೆ ದುಡ್ಡು ಕೊಡೋಕೆ ಇದ್ದ ಬಾಂಡ್) ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅಂದ್ಕೊಂಡಿದ್ದೆ. ಬಾಂಡಿನ ರಾಜಕೀಯಕ್ಕಿಂತ ಹೆಚ್ಚಾಗಿ, ಆ ಟೈಮಲ್ಲಿ ಪತ್ರಕರ್ತರೂ ಅಲ್ಲದ, ಯಾರಿಂದ್ಲೂ ಸಂಬಳ ತಗೊಳ್ಳದ ನಮ್ಮಂಥೋರು ಕೂತು ಏನ್ ಮಾಡಿದ್ವಿ ಅನ್ನೋದರ ಬಗ್ಗೆ.

ಮರೆತೋಗಿದ್ರೆ ನೆನಪಿಗೆ: 2024ರ ಫೆಬ್ರವರಿ 15ಕ್ಕೆ ಸುಪ್ರೀಂ ಕೋರ್ಟ್ ಇಡೀ ಸ್ಕೀಮನ್ನೇ ರದ್ದು ಮಾಡ್ತು. ಎಸ್‌ಬಿಐ ಮಾರ್ಚ್ 6ರೊಳಗೆ ಲೆಕ್ಕ ಕೊಡ್ಬೇಕಿತ್ತು, ಅವರು ಜೂನ್ 30ರ ತನಕ ಟೈಮ್ ಕೇಳಿದ್ರು (ಅಷ್ಟೊತ್ತಿಗೆ ಲೋಕಸಭೆ ಎಲೆಕ್ಷನ್ನೇ ಮುಗಿದಿರ್ತಿತ್ತು ಅನ್ನೋದು ಬೇರೆ ಮಾತು). ಕೋರ್ಟ್ ಮಾರ್ಚ್ 11ಕ್ಕೆ ಆಗಲ್ಲ ಅಂತು, ನಾಳೇನೇ ಕೊಡಿ ಅಂತು. ಮಾರ್ಚ್ 14ಕ್ಕೆ ಚುನಾವಣಾ ಆಯೋಗದ ಸೈಟಲ್ಲಿ ಎರಡು ಪಿಡಿಎಫ್ ಬಂತು. ಒಂದರಲ್ಲಿ ಯಾರು ಯಾವತ್ತು ಎಷ್ಟರ ಬಾಂಡ್ ತಗೊಂಡ್ರು ಅಂತ, 337 ಪುಟ. ಇನ್ನೊಂದರಲ್ಲಿ ಯಾವ ಪಾರ್ಟಿ ಯಾವತ್ತು ಎಷ್ಟು ಕ್ಯಾಶ್ ಮಾಡ್ಕೊಂಡ್ರು ಅಂತ, 426 ಪುಟ. ಯಾರ ದುಡ್ಡು ಯಾರಿಗೆ ಹೋಯ್ತು? ಅದೊಂದೇ ಇರ್ಲಿಲ್ಲ!

ಟಿವಿಯವರು ಆವತ್ತು ರಾತ್ರಿನೇ ಚರ್ಚೆ ಶುರು ಮಾಡಿದ್ರು, ಎಷ್ಟು ಜನ ಆ ಪಿಡಿಎಫ್ ಸ್ಕ್ರೋಲ್ ಮಾಡಿದ್ರೋ ದೇವರಿಗೇ ಗೊತ್ತು. ನಮ್ಮದೊಂದು ಚಿಕ್ಕ ಗ್ರೂಪ್, ಒಬ್ಬರು ಪಿಯು ಕಾಲೇಜ್ ಲೆಕ್ಚರರ್, ಒಬ್ಬ ಲಾ ಓದೋ ಹುಡುಗ, ಉಳಿದವರು ನನ್ನಂಥ ಆಫೀಸ್ ಜನ, ಕನ್ನಡದಲ್ಲಿ ಪೋಸ್ಟ್ ಹಾಕೋದು ನಮ್ಮ ಕೆಲಸ. ರೂಲ್ ಒಂದೇ, ಪಿಡಿಎಫ್‌ನ ಪುಟ ಸಂಖ್ಯೆ ಇಲ್ಲದ ಲೈನ್ ಪೋಸ್ಟ್ ಆಗಲ್ಲ. ಕೇಳೋಕೆ ಸುಲಭ. ಆದ್ರೆ ಪಿಡಿಎಫ್‌ನ ಟೇಬಲ್ ಶೀಟ್‌ಗೆ ಹಾಕಿದ ತಕ್ಷಣ ಕಾಲಂಗಳು ಒಂದರೊಳಗೊಂದು ಸೇರ್ಕೊಂಡು ಜಾತ್ರೆ ಆಗಿರುತ್ತೆ, ಕೋಟಿ ಇದ್ದದ್ದು ಲಕ್ಷ ಆಗಿರುತ್ತೆ, ಒಂದೇ ಕಂಪನಿ ಒಂದ್ಕಡೆ ಲಿಮಿಟೆಡ್ ಇನ್ನೊಂದ್ಕಡೆ ಎಲ್‌ಟಿಡಿ, ಅವನ್ನೆಲ್ಲ ಒಂದೇ ಹೆಸರಿಗೆ ತರದೆ ಟೋಟಲ್ ಹಾಕಿದ್ರೆ ತಪ್ಪು ಲೆಕ್ಕ ಗ್ಯಾರಂಟಿ. ಈ ಕ್ಲೀನಿಂಗಿಗೇ ಹೆಚ್ಚು ಟೈಮ್ ಹೋಗಿದ್ದು.

ಮೊದಲ ಪರೀಕ್ಷೆ ಬೇಗನೇ ಬಂತು. ಲಿಸ್ಟಲ್ಲಿ ಹಬ್ ಪವರ್ ಕಂಪನಿ ಅಂತ ಒಂದು ಹೆಸರಿತ್ತು, ಪಾಕಿಸ್ತಾನದಲ್ಲಿ ಅದೇ ಹೆಸರಿನ ವಿದ್ಯುತ್ ಕಂಪನಿ ಇದೆ, ಮುಗೀತು, ಪುಲ್ವಾಮಾ ದಾಳಿ ಆದ್ಮೇಲೆ ಪಾಕಿಸ್ತಾನದಿಂದ ದುಡ್ಡು ಅಂತ ಫ್ಯಾಮಿಲಿ ಗ್ರೂಪ್ ತನಕ ಫಾರ್ವರ್ಡ್ ಬಂತು. ಜಿಎಸ್‌ಟಿ ಸೈಟಲ್ಲಿ ಹುಡುಕಿದ್ರೆ ಅದೇ ಹೆಸರಲ್ಲಿ ದೆಹಲಿ ವಿಳಾಸದ ನೋಂದಣಿ ಕಾಣ್ತಿತ್ತು, ಪಾಕಿಸ್ತಾನದ ಕಂಪನಿಯೂ ನಮಗೂ ಇದಕ್ಕೂ ಸಂಬಂಧ ಇಲ್ಲ ಅಂತು. ಅದನ್ನ ಹಾಕಿದ್ವಿ, ಲೈಕ್ ಬರ್ಲಿಲ್ಲ, ಬೈಗುಳ ಬಂತು. ನಿಜ ಹೇಳಿದ್ರೆ ಯಾವ ಪಾರ್ಟಿಯವರಿಗೂ ಖುಷಿ ಆಗಲ್ಲ ಬಿಡಿ.

ಕರ್ನಾಟಕದ ಸುದ್ದಿ ಮಾರ್ಚ್ 17ಕ್ಕೆ ಸಿಕ್ತು. ಪಾರ್ಟಿಗಳು ಮುಚ್ಚಿದ ಲಕೋಟೆಯಲ್ಲಿ ಕೊಟ್ಟಿದ್ದ ವಿವರಾನೂ ಆಯೋಗ ಹಾಕ್ತು. ದೊಡ್ಡ ಪಾರ್ಟಿಗಳು ಕೊಟ್ಟೋರ ಹೆಸರು ಹೇಳಿರ್ಲಿಲ್ಲ, ಆದ್ರೆ ಜೆಡಿಎಸ್, ಡಿಎಂಕೆ ಹೇಳಿದ್ವು. ಜೆಡಿಎಸ್‌ಗೆ ಬಂದ 89.75 ಕೋಟಿಯಲ್ಲಿ 50 ಕೋಟಿ ಮೇಘಾ ಇಂಜಿನಿಯರಿಂಗ್‌ದು, ಇನ್ಫೋಸಿಸ್‌ದು 1 ಕೋಟಿ. ನಮ್ಮಲ್ಲಿ ಅತಿ ಹೆಚ್ಚು ಓದಿಸ್ಕೊಂಡ ಪೋಸ್ಟ್ ಅದೇ.

ಆಮೇಲೆ ಮಾರ್ಚ್ 21ಕ್ಕೆ ಬಾಂಡ್ ನಂಬರ್ ಬಂತು, ಕೋರ್ಟ್ ಎಸ್‌ಬಿಐನ ಮತ್ತೆ ಗದರಿಸಿದ ಮೇಲೆ. ಒಂದೊಂದು ಬಾಂಡಿಗೂ ಎರಡು ಅಕ್ಷರ, ಮುಂದೆ ನಂಬರ್, ಎರಡೂ ಶೀಟಲ್ಲಿ ಅದೇ. ವಿ-ಲುಕಪ್ (ಎರಡು ಶೀಟಲ್ಲಿ ಒಂದೇ ನಂಬರ್ ಹುಡುಕಿ ಜೋಡಿಸೋ ಎಕ್ಸೆಲ್ ಫಾರ್ಮುಲಾ) ಹಾಕಿದ್ರೆ ಕೊಟ್ಟೋನು ಈ ಕಡೆ, ತಗೊಂಡೋನು ಆ ಕಡೆ. ಜೂನ್ ಅಂದಿದ್ದ ಕೆಲಸ ದೇಶದ ತುಂಬ ಮನೆ ಮನೆಗಳಲ್ಲಿ ಲ್ಯಾಪ್‌ಟಾಪ್ ಇದ್ದೋರು ಅದೇ ರಾತ್ರಿ ಮಾಡಿ ಬಿಸಾಕಿದ್ರು. ಲಾಟರಿ ಕಂಪನಿ ಫ್ಯೂಚರ್ ಗೇಮಿಂಗ್ 1,368 ಕೋಟಿ ಕೊಟ್ಟು ಎಲ್ಲರಿಗಿಂತ ಮೇಲಿತ್ತು, ಅದರಲ್ಲಿ ದೊಡ್ಡ ಪಾಲು ಟಿಎಂಸಿಗೂ ಡಿಎಂಕೆಗೂ ಹೋಗಿತ್ತು. ಬರೀ ಬಿಜೆಪಿ ಅಂತ ಕಾಯ್ತಿದ್ದೋರಿಗೆ ಸ್ವಲ್ಪ ಕಸಿವಿಸಿ, ಬಿಜೆಪಿ ಲೆಕ್ಕ ಮಾಯ ಆಗ್ಲಿ ಅಂತಿದ್ದೋರಿಗೂ ಸಮಾಧಾನ ಇಲ್ಲ, ಯಾಕಂದ್ರೆ ಅತಿ ಹೆಚ್ಚು ದುಡ್ಡು ಬಂದಿದ್ದು ಅವರಿಗೇ, 6,000 ಕೋಟಿ ಮೇಲೆ.

ನಮ್ಮಲ್ಲಿ ದೊಡ್ಡ ಜಗಳ ಆಗಿದ್ದು ಅರಬಿಂದೋ ಫಾರ್ಮಾ ವಿಷಯಕ್ಕೆ. ಕಂಪನಿಯ ನಿರ್ದೇಶಕರಲ್ಲಿ ಒಬ್ಬರಾದ ಶರತ್ ಚಂದ್ರ ರೆಡ್ಡಿನ ಇ.ಡಿ. 2022ರ ನವೆಂಬರ್ 10ಕ್ಕೆ ಬಂಧಿಸ್ತು, 15ಕ್ಕೆ ಕಂಪನಿ 5 ಕೋಟಿ ಬಾಂಡ್ ತಗೊಂಡ್ತು, ಅದು ಬಿಜೆಪಿಗೆ ಹೋಯ್ತು. ಲಾ ಹುಡುಗ "ಬಿಡುಗಡೆಗೆ ಕೊಟ್ಟ ದುಡ್ಡು ಅಂತ ಹೆಡ್ಡಿಂಗ್ ಹಾಕೋಣ ಸರ್" ಅಂದ. ಲೆಕ್ಚರರ್ ಕೇಳಿದ್ರು, "ಅದು ಯಾವ ಪುಟದಲ್ಲಿದೆಯಪ್ಪಾ?" ಎರಡು ತಾರೀಖೂ ದಾಖಲೆಯಲ್ಲಿವೆ, "ಅದಕ್ಕೋಸ್ಕರ" ಅನ್ನೋದು ಯಾವ ದಾಖಲೆಯಲ್ಲೂ ಇಲ್ಲ. ತಾರೀಖು ಪಕ್ಕಪಕ್ಕ ಇಟ್ಟು ಸುಮ್ನಾದ್ವಿ. ಹುಡುಗನಿಗೆ ಇವತ್ತಿಗೂ ಅದು ಹೇಡಿತನ. ನನಗೇನೋ ಮೂಲ ದಾಖಲೆ ಓದೋರಿಗೆ ಇರಬೇಕಾದ ಕಡಿವಾಣ ಇದೇ ಅನ್ಸುತ್ತೆ, ಬರೀ ಬೇರೆಯವರ ಸುಳ್ಳು ಹಿಡಿಯೋಕೆ ಅಲ್ಲ, ನಮ್ಮ ಬಾಯಿಗೂ.

ಇನ್ನೊಂದು ವಿಷಯ. ಕೊಂಡೋರ ಹೆಸರು ಆ ಪಿಡಿಎಫ್‌ಗಳಲ್ಲಿ ಶುರು ಆಗೋದು 2019ರ ಏಪ್ರಿಲ್ 12ರಿಂದ, ಅದಕ್ಕಿಂತ ಮುಂಚೆ ಮಾರಿದ ಸುಮಾರು 4,000 ಕೋಟಿ ಬಾಂಡ್ ಕೊಂಡೋರ ಪಟ್ಟಿ ಅದರಲ್ಲಿಲ್ಲ. ಈಗ ಬಾಂಡೂ ಇಲ್ಲ, ಆದ್ರೆ 20,000 ಮೇಲಿನ ದೇಣಿಗೆ ಲೆಕ್ಕ ಪಾರ್ಟಿಗಳು ಪ್ರತಿ ವರ್ಷ ಆಯೋಗಕ್ಕೆ ಕೊಡ್ತಾರೆ, ಸೈಟಲ್ಲೇ ಇದೆ. ಹಲವು ಕಡೆ ಸ್ಕ್ಯಾನ್ ಕಾಪಿ, ಓರೆಯಾಗಿರುತ್ತೆ, ಸಾಫ್ಟ್‌ವೇರ್ ಓದಲ್ಲ, ಕಣ್ಣಿಂದ ನೋಡಿ ಕೈಯಿಂದ ಟೈಪ್ ಮಾಡ್ಬೇಕು. ನಾವೀಗ ಮಾಡ್ತಿರೋದು ಅದನ್ನೇ. ದುಡ್ಡು ಸಿಗಲ್ಲ, ಶನಿವಾರ ಭಾನುವಾರ ಹೋಗುತ್ತೆ, ಬರೋರಿದ್ರೆ ಕಾಮೆಂಟಲ್ಲಿ ಹೇಳಿ, ಒಂದು ಪಿಡಿಎಫ್ ನಿಮ್ಮ ಪಾಲಿಗೂ ಕೊಡ್ತೀವಿ.